ಮಳೆಮರಕ್ಕೂ ಬೆಳವಕ್ಕೂ ಏನು ಹೋಲಿಕೆ?

ಈ ಸಲ ಬಂದ ಪತ್ರಗಳಲ್ಲಿ ಮರ, ಹಕ್ಕಿಗಳದ್ದೇ ಜಾಸ್ತಿ. ಶಾಲೆಯ ಪ್ರಾಜೆಕ್ಟಿನ ಪತ್ರವನ್ನು ಮೊದಲು ತಗೊಂಡಿದ್ದೇನೆ. ಉತ್ತರ ಸ್ವಲ್ಪ ಉದ್ದವಾಯಿತು. ಉಳಿದವು ಅದರ ಬೆನ್ನಿಗೇ ಬಂದವು.

ಪ್ರಶ್ನೆ: ನನ್ನ ಮಗಳು ಆರನೇ ಕ್ಲಾಸು. ಉಷ್ಣವಲಯದ ಒಂದು ಮರ, ಪಾರಿವಾಳದ ಕುಟುಂಬದ ಒಂದು ಹಕ್ಕಿ, ಎರಡನ್ನೂ ಹೋಲಿಸಿ ಬರೆಯಿರಿ ಅಂತ ಪ್ರಾಜೆಕ್ಟ್ ಕೊಟ್ಟಿದ್ದಾರೆ. ನಮ್ಮ ಬಿಲ್ಡಿಂಗ್ ಎದುರಿಗೆ ದೊಡ್ಡ ರೇನ್ ಟ್ರೀ ಇದೆ. ಅಡುಗೆಮನೆ ಗ್ರಿಲ್‌ಗೆ ಕುತ್ತಿಗೆ ಮೇಲೆ ಚುಕ್ಕೆ ಇರುವ ಬೆಳವ ಬಂದು ಕೂರುತ್ತದೆ. ಅವೆರಡನ್ನೇ ಆರಿಸಿಕೊಂಡಿದ್ದಾಳೆ. "ಮರಕ್ಕೆ ಎಲೆ ಇದೆ, ಹಕ್ಕಿಗೆ ರೆಕ್ಕೆ ಇದೆ, ಮರ ನಿಂತಿರುತ್ತದೆ, ಹಕ್ಕಿ ಹಾರುತ್ತದೆ" ಅಂತ ಬರೆದು ಪೆನ್ನು ಕಚ್ಚುತ್ತಾ ಕೂತಿದ್ದಾಳೆ. ಮರಕ್ಕೂ ಹಕ್ಕಿಗೂ ಹೋಲಿಸುವಂಥದ್ದು ಏನಾದರೂ ಇದೆಯಾ, ಇಲ್ಲಾ ಟೀಚರ್ ಸುಮ್ನೆ ಕೊಟ್ಟಿದ್ದಾರಾ?
— ಒಬ್ಬ ತಾಯಿ, ಮುಲುಂಡ್

ಉತ್ತರ: ಇದೆ, ಬೇಕಾದಷ್ಟಿದೆ. ನೋಡೋದಕ್ಕೆ ಹೇಗಿವೆ ಅಂತ ಹೋಲಿಸಲು ಹೊರಟರೆ ಮಾತ್ರ ನಾಲ್ಕು ಸಾಲಿಗೇ ಮುಗಿದುಹೋಗುತ್ತದೆ. ಅದನ್ನು ಬಿಟ್ಟು ಎರಡಕ್ಕೂ ಒಂದೇ ಪ್ರಶ್ನೆ ಕೇಳಲು ಹೇಳಿ. ನಿನ್ನ ಊರು ಯಾವುದು? ಊಟ ಏನು? ನೀರು ಹೇಗೆ ಕುಡೀತೀಯ? ರಾತ್ರಿ ಏನು ಮಾಡ್ತೀಯ? ಮಕ್ಕಳನ್ನ ಹೇಗೆ ಬೆಳೆಸ್ತೀಯ? ಕೆಲವಕ್ಕೆ ಎರಡೂ ತೀರಾ ಬೇರೆ ಉತ್ತರ ಕೊಡುತ್ತವೆ, ಕೆಲವು ಕಡೆ ಅರೆ, ಇವೆರಡೂ ಒಂದೇ ಥರ ಇವೆಯಲ್ಲ ಅನ್ನಿಸುತ್ತದೆ. ಜೋಡಿಯೂ ಚೆನ್ನಾಗಿದೆ. ಕಿಟಕಿಯಲ್ಲಿ ನಿಂತರೆ ಎರಡೂ ಸಿಗುತ್ತವೆ ಅಲ್ವಾ, ಗೂಗಲ್‌ನಿಂದ ಚಿತ್ರ ಇಳಿಸಿ ಅಂಟಿಸುವ ಕೆಲಸ ಇಲ್ಲ.

ಮೊದಲು ಊರು. ಮಳೆಮರ ಈ ನೆಲದ್ದಲ್ಲ. ಸಸ್ಯಶಾಸ್ತ್ರದವರು ಇದನ್ನು ಸಮಾನಿಯಾ ಸಮಾನ್ ಅನ್ನುತ್ತಾರೆ. ಮೆಕ್ಸಿಕೋದಿಂದ ಪೆರು, ಬ್ರೆಜಿಲ್ ತನಕದ ಬಿಸಿ ಪ್ರದೇಶ ಇದರ ತವರು. 1800ರಲ್ಲಿ ಜರ್ಮನಿಯ ಪ್ರವಾಸಿ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ವೆನೆಜುವೆಲಾದಲ್ಲಿ ಇಂಥದೇ ಒಂದು ಹಳೆಯ ಮರದ ಹರವು ನೋಡಿ ಬೆರಗಾಗಿ ಬರೆದಿಟ್ಟಿದ್ದಾನೆ. ಸಮಾನ್ ದೆ ಗುಯೆರೆ ಎಂಬ ಆ ಮರದ ಹೆಸರು ಅಲ್ಲಿ ಇವತ್ತಿಗೂ ಜನರ ಬಾಯಲ್ಲಿದೆ. ನಮ್ಮ ದೇಶಕ್ಕೆ ಮಳೆಮರ ಬಂದದ್ದು 19ನೇ ಶತಮಾನದಲ್ಲಿ. ಬೇಗ ಬೆಳೆಯುತ್ತದೆ, ಕೊಡೆ ಬಿಚ್ಚಿದ ಹಾಗೆ ಅಗಲಕ್ಕೆ ಹರಡುತ್ತದೆ, ರಸ್ತೆಗೆ ನೆರಳು ಕೊಡುತ್ತದೆ. ಊರು ಕಟ್ಟುವವರಿಗೆ ಇನ್ನೇನು ಬೇಕು? ಮುಂಬೈ, ಪುಣೆ, ನಮ್ಮ ಬೆಂಗಳೂರಿನ ಕಬ್ಬನ್ ಪಾರ್ಕ್, ಎಲ್ಲಾ ಕಡೆ ನೆಟ್ಟರು. ಎತ್ತರ ಸುಮಾರು 25 ಮೀಟರ್ ಆದರೆ ತಲೆಯ ಅಗಲ 30 ಮೀಟರನ್ನೂ ದಾಟುತ್ತದೆ. ಎತ್ತರಕ್ಕಿಂತ ಅಗಲವೇ ಜಾಸ್ತಿ ಇರುವ ಮರ ಇದು.

ಬೆಳವ ಇಲ್ಲಿಯದೇ. ಕೆಲವು ಕಡೆ ಚೋರೆ ಅಂತಲೂ ಕರೆಯುವ ಈ ಚುಕ್ಕೆ ಬೆಳವ ಭಾರತ, ಶ್ರೀಲಂಕಾದಿಂದ ಚೀನಾ, ಇಂಡೋನೇಷ್ಯಾವರೆಗೆ ಹರಡಿದೆ. ನಮ್ಮಲ್ಲಿ ಕಾಣುವ ಬಗೆಗೆ 1789ರಲ್ಲಿ ಗ್ಮೆಲಿನ್ ಎಂಬ ಜರ್ಮನ್ ವಿಜ್ಞಾನಿ ಸುರಾಟೆನ್ಸಿಸ್ ಅಂತ ಹೆಸರಿಟ್ಟ. ಅಂದರೆ ಸೂರತ್‌ನದು! ಬೋರಿವಲಿಯಲ್ಲಿ ಗಾಡಿ ಹತ್ತಿದರೆ ಊಟದ ಹೊತ್ತಿಗೆ ತಲುಪುವ ಊರು. ಹಾಗಾಗಿ ಮಗಳ ಪ್ರಾಜೆಕ್ಟಿನಲ್ಲಿ ಮರ ಪರದೇಶಿ, ಹಕ್ಕಿ ಊರಿನದು.

ಇಲ್ಲಿಗೇ ನಿಲ್ಲಿಸಬೇಡಿ. ಇದೇ ಬೆಳವವನ್ನು ಜನ ಪಂಜರದಲ್ಲಿಟ್ಟು ಆಸ್ಟ್ರೇಲಿಯಾ, ಮಾರಿಷಸ್, ಕ್ಯಾಲಿಫೋರ್ನಿಯಾ, ಹವಾಯಿಗೆ ಒಯ್ದು ಬಿಟ್ಟಿದ್ದಾರೆ, ಅಲ್ಲಿ ಅದೇ ಪರದೇಶಿ. ಹವಾಯಿಗೆ ಮಳೆಮರವೂ 1847ರಲ್ಲಿ ಹೊರಗಿನಿಂದಲೇ ಬಂತು. ಹಾಗಾಗಿ ಹೊನೊಲುಲುವಿನ ಒಂದು ಪಾರ್ಕಿನಲ್ಲಿ ಅಮೆರಿಕದ ಮರದ ಕೆಳಗೆ ಏಷ್ಯಾದ ಬೆಳವ ಕಾಳು ಹೆಕ್ಕುತ್ತಾ ಇದ್ದರೆ, ಎರಡೂ ಅಲ್ಲಿಗೆ ವಲಸೆ ಬಂದವೇ. ನಮ್ಮ ಮುಂಬೈ ಕನ್ನಡಿಗರಿಗೆ ಈ ವಿಷಯ ಬೇಗ ಅರ್ಥವಾಗಬೇಕು. ಮಗಳು ಇದೊಂದನ್ನು ಬರೆದರೂ ಟೀಚರ್ ಖುಷಿಯಾಗುತ್ತಾರೆ.

ಊಟದ ವಿಷಯ ಎಲ್ಲರಿಗೂ ಗೊತ್ತಿರುವುದೇ. ಮರ ಬಿಸಿಲಲ್ಲಿ ಅಡುಗೆ ಮಾಡಿಕೊಳ್ಳುತ್ತದೆ, ಬೆಳವ ನೆಲಕ್ಕಿಳಿದು ಹುಲ್ಲಿನ ಬೀಜ, ಕಾಳು ಹೆಕ್ಕುತ್ತದೆ. ಎರಡು ಮಾತು ಸೇರಿಸಬಹುದು. ಮಳೆಮರ ತೊಗರಿ, ಹೆಸರು, ಶೇಂಗಾಗಳ ಕುಟುಂಬದ್ದು. ಅದರ ಬೇರುಗಂಟುಗಳಲ್ಲಿ ಬ್ಯಾಕ್ಟೀರಿಯಾ ಕೂತು ಗಾಳಿಯ ಸಾರಜನಕವನ್ನು ಗೊಬ್ಬರವಾಗಿ ಮಾಡಿಕೊಡುತ್ತವೆ. ಬೆಳವಕ್ಕೆ ಹಲ್ಲಿಲ್ಲ. ಕಾಳಿನ ಜೊತೆ ಸಣ್ಣ ಸಣ್ಣ ಹರಳು ನುಂಗುತ್ತದೆ, ಆ ಹರಳು ಹೊಟ್ಟೆಯೊಳಗಿನ ಗಟ್ಟಿ ಮಾಂಸದ ಚೀಲದಲ್ಲಿ ಕಾಳನ್ನು ಅರೆಯುತ್ತದೆ. ಕೋಳಿ ಅಂಗಡಿಯಲ್ಲಿ ಕಲೇಜಿ ಜೊತೆ ಪೇಟಾ ಅಂತ ಹಾಕಿಕೊಡುತ್ತಾರಲ್ಲ, ಅದೇ ಅಂಗ. ಬೀಜ ಅಲ್ಲಿ ಪುಡಿಯಾಗುವುದರಿಂದ ಬೆಳವ ಕಾಡು ಬೆಳೆಸುವ ಹಕ್ಕಿಯಲ್ಲ, ಬೀಜ ತಿಂದು ಮುಗಿಸುವ ಹಕ್ಕಿ. ಎಷ್ಟೋ ಶಾಲಾ ಪುಸ್ತಕಗಳಲ್ಲಿ ಎಲ್ಲಾ ಹಕ್ಕಿಗಳೂ ಬೀಜ ಹರಡುತ್ತವೆ ಅಂತ ಒಂದೇ ಏಟಿಗೆ ಬರೆದುಬಿಡುತ್ತಾರೆ, ಅದು ಸರಿಯಲ್ಲ.

ನೀರು ಕುಡಿಯುವುದರಲ್ಲಿ ನನಗೆ ಬಹಳ ಮಜಾ ಕೊಡುವ ಹೋಲಿಕೆ ಇದೆ. ಗುಬ್ಬಿ, ಕಾಗೆ, ಕೋಳಿ ನೀರು ಕುಡಿಯೋದನ್ನು ನೋಡಿ. ಕೊಕ್ಕಿನಲ್ಲಿ ಒಂದು ಗುಟುಕು ತಗೊಂಡು ತಲೆ ಮೇಲೆತ್ತಿ ಗಂಟಲಿಗೆ ಇಳಿಸುತ್ತವೆ. ಬೆಳವ, ಪಾರಿವಾಳ ಹಾಗಲ್ಲ. ಕೊಕ್ಕು ನೀರಲ್ಲಿ ಮುಳುಗಿಸಿ, ತಲೆ ಎತ್ತದೆ, ಒಂದೇ ಸಮನೆ ಹೀರುತ್ತವೆ. ಮರವೂ ಹೀರುವುದೇ. ಮೇಲೆ ಎಲೆಯ ಸೂಕ್ಷ್ಮ ರಂಧ್ರಗಳಿಂದ ನೀರು ಆವಿಯಾಗಿ ಹೋದ ಹಾಗೆಲ್ಲ ಕಾಂಡದ ಸಪೂರ ಕೊಳವೆಗಳಲ್ಲಿ ತುಂಡಾಗದೆ ನಿಂತಿರುವ ನೀರಿನ ಎಳೆ ಮೇಲಕ್ಕೆ ಎಳೆಯಲ್ಪಡುತ್ತದೆ, ಬೇರು ಇನ್ನಷ್ಟು ನೀರು ತಗೊಳ್ಳುತ್ತದೆ. ನಿಮ್ಮ ಸೊಸೈಟಿಯ ಟೆರೇಸ್ ಟ್ಯಾಂಕಿಗೆ ನೀರು ಹತ್ತಿಸಲು ಮೋಟರ್ ಬೇಕು. ಏಳೆಂಟು ಮಹಡಿ ಎತ್ತರದ ಮರ ಮೋಟರ್ ಇಲ್ಲದೆ, ಸದ್ದಿಲ್ಲದೆ, ಕರೆಂಟ್ ಬಿಲ್ ಇಲ್ಲದೆ ಅದೇ ಕೆಲಸ ಮಾಡುತ್ತದೆ.

ರಾತ್ರಿ? ಬೆಳವ ಕೊಂಬೆಯ ಮೇಲೆ ಪುಕ್ಕ ಉಬ್ಬಿಸಿಕೊಂಡು ಮಲಗುತ್ತದೆ. ಮಳೆಮರವೂ ಮಲಗುತ್ತದೆ ಅಂದರೆ ನಗಬೇಡಿ. ಸಂಜೆ ಆರರ ಸುಮಾರಿಗೆ ಮಗಳನ್ನು ಕೆಳಗೆ ಕರೆದುಕೊಂಡು ಹೋಗಿ, ಕೈಗೆ ಸಿಗುವ ಕೊಂಬೆ ಇದ್ದರೆ ಒಂದು ಎಲೆ ಹಿಡಿದು ನೋಡಿ. ಒಂದು ಕಡ್ಡಿ, ಅದರಿಂದ ಜೋಡಿ ಜೋಡಿಯಾಗಿ ಸಣ್ಣ ಕಡ್ಡಿ, ಅವುಗಳ ಮೇಲೆ ಜೋಡಿ ಜೋಡಿ ಎಲೆ. ತುದಿಯ ಎಲೆಗಳು ದೊಡ್ಡವು, ಬುಡದವು ಚಿಕ್ಕವು. ಪ್ರತಿ ಎಲೆ ಕಡ್ಡಿಗೆ ಸೇರುವ ಜಾಗದಲ್ಲಿ ಸಣ್ಣದೊಂದು ಉಬ್ಬು ಇರುತ್ತದೆ, ಬೆರಳಿಗೆ ತಾಗುತ್ತದೆ. ಆ ಉಬ್ಬಿನ ಒಂದು ಬದಿಯ ಜೀವಕೋಶಗಳಿಂದ ಪೊಟ್ಯಾಸಿಯಂ ಹೊರಗೆ ಹೋಗುತ್ತದೆ, ಅದರ ಹಿಂದೆ ನೀರು ಹೋಗುತ್ತದೆ, ಆ ಬದಿ ಸಡಿಲಾಗುತ್ತದೆ, ಎಲೆ ಮಡಚಿಕೊಳ್ಳುತ್ತದೆ. ಬೆಳಿಗ್ಗೆ ಇದೆಲ್ಲ ಉಲ್ಟಾ ನಡೆದು ಬಿಚ್ಚಿಕೊಳ್ಳುತ್ತದೆ. ಮಳೆ ಮೋಡ ಕವಿದರೂ ಮಡಚುತ್ತದೆ. ಕತ್ತಲೆ ಕೋಣೆಯಲ್ಲಿ ಇಟ್ಟರೂ ಹೊತ್ತಿಗೆ ಸರಿಯಾಗಿ ಮಡಚಿ ಬಿಚ್ಚುವುದು ಸ್ವಲ್ಪ ದಿನ ಮುಂದುವರಿಯುತ್ತದೆ. ಅಂದರೆ ಮರದೊಳಗೇ ಒಂದು ಗಡಿಯಾರ ಇದೆ. ಹಕ್ಕಿಗೂ ಇದೆ, ನಮಗೂ ಇದೆ. ಇದು ನಿಜವಾದ ಹೋಲಿಕೆ, ಕೆಂಪು ಶಾಯಿಯಲ್ಲಿ ಅಡಿಗೆರೆ ಹಾಕಿಸಿ.

ಇನ್ನು ಮಕ್ಕಳು. ಇಲ್ಲಿ ಎರಡೂ ಪೂರ್ತಿ ವಿರುದ್ಧ. ಬೆಳವ ಒಂದು ಸಲಕ್ಕೆ ಎರಡೇ ಮೊಟ್ಟೆ ಇಡುತ್ತದೆ. ಸುಮಾರು ಎರಡು ವಾರ ಕಾವು, ಇನ್ನೆರಡು ವಾರ ಸಾಕುವುದು, ಆಮೇಲೆ ಮರಿ ಹಾರುತ್ತದೆ. ಗಂಡು ಹೆಣ್ಣು ಎರಡೂ ಕಾವು ಕೂರುತ್ತವೆ. ಮರಿ ಹೊರಬಂದ ಮೊದಲ ದಿನಗಳಲ್ಲಿ ಕಾಳು ಕೊಡುವುದಿಲ್ಲ, ಹಾಲು ಕೊಡುತ್ತವೆ! ಗಂಟಲ ಕೆಳಗಿನ ಕಾಳಿನ ಚೀಲದ ಒಳಪದರ ಉದುರಿ ಗಟ್ಟಿ ಮೊಸರಿನಂಥದ್ದು ಆಗುತ್ತದೆ, ಕೊಬ್ಬು, ಪ್ರೋಟೀನ್ ತುಂಬಿರುತ್ತದೆ. ಅಪ್ಪನಿಗೂ ಬರುತ್ತದೆ, ಅಮ್ಮನಿಗೂ ಬರುತ್ತದೆ. ಹೆಂಗಸರಲ್ಲಿ ಎದೆಹಾಲು ಬರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನೇ ಇಲ್ಲೂ ಕೆಲಸ ಮಾಡುತ್ತದೆ. ಹಕ್ಕಿಗಳಲ್ಲಿ ಇಂಥ ಹಾಲು ಇರುವುದು ಪಾರಿವಾಳದ ಕುಟುಂಬ, ರಾಜಹಂಸ (ಫ್ಲೆಮಿಂಗೋ), ಎಂಪರರ್ ಪೆಂಗ್ವಿನ್‌ಗಳಿಗೆ ಮಾತ್ರ. ಹುಳ ಹುಡುಕುವ ತಾಪತ್ರಯ ಇಲ್ಲದ್ದರಿಂದ ಬೆಳವ ವರ್ಷದ ಯಾವ ಕಾಲದಲ್ಲಾದರೂ ಸಂಸಾರ ಹೂಡಬಲ್ಲದು.

ಮಳೆಮರ ಇಂಥ ಮುದ್ದು ಏನೂ ಮಾಡುವುದಿಲ್ಲ. ಬೇಸಿಗೆಯಲ್ಲಿ ಗುಲಾಬಿ ಬಣ್ಣದ ಗೊಂಡೆ ಹೂವು ಬಿಡುತ್ತದೆ. ಒಂದು ಗೊಂಡೆಯೆಂದರೆ ಒಂದು ಹೂವಲ್ಲ, ಹತ್ತಾರು ಸಣ್ಣ ಹೂವುಗಳ ಗುಂಪು. ಅಷ್ಟರಲ್ಲಿ ಕಾಯಿ ಕಟ್ಟುವುದು ಒಂದೋ ಎರಡೋ. ಕಾಯಿ ಗೇಣುದ್ದ, ಕಪ್ಪು-ಕಂದು, ಒಳಗೆ ಸಿಹಿ ಅಂಟು ತಿರುಳು. ತಾನಾಗಿ ಒಡೆಯುವುದಿಲ್ಲ. ಹಸು, ಆಡು ತಿಂದು ಬೀಜವನ್ನು ಸಗಣಿಯಲ್ಲಿ ಬೇರೆ ಕಡೆ ಹಾಕಬೇಕು. ಬೀಜದ ಸಿಪ್ಪೆ ಬಲು ಗಟ್ಟಿ, ಹೊಟ್ಟೆಯಿಂದ ಪಾಸಾಗಿ ಬಂದರೂ ಹಾಳಾಗುವುದಿಲ್ಲ. ಒಂದು ಕಾಯಿ ಒಡೆದು ಬೀಜ ಎಣಿಸಲು ಮಗಳಿಗೆ ಹೇಳಿ, ಆಮೇಲೆ ಮರದಲ್ಲಿ ಅಂದಾಜು ಎಷ್ಟು ಕಾಯಿ ಇರಬಹುದು ಅಂತ ಗುಣಿಸಲಿ. ಒಂದು ಕಡೆ ಲೆಕ್ಕ ತಪ್ಪುವಷ್ಟು ಬೀಜ ಉದುರಿಸಿ ಸುಮ್ಮನಿರುವ ಮರ, ಇನ್ನೊಂದು ಕಡೆ ಎರಡೇ ಮೊಟ್ಟೆಗೆ ತಿಂಗಳು ದುಡಿಯುವ ಹಕ್ಕಿ. ಮರ ಎಂಬತ್ತು, ನೂರು ವರ್ಷ ಇರುತ್ತದೆ. ಅಷ್ಟು ವರ್ಷದಲ್ಲಿ ತನ್ನ ಜಾಗಕ್ಕೆ ಒಂದೇ ಒಂದು ಗಿಡ ಉಳಿದರೂ ಅದಕ್ಕೆ ಸಾಕು. ಬೆಳವಕ್ಕೆ ಅಷ್ಟು ಟೈಮ್ ಇಲ್ಲ.

ಇವೆರಡೂ ಎಲ್ಲಿ ಸೇರುತ್ತವೆ ಅಂತ ಟೀಚರ್ ಕೇಳಿದರೆ: ಮರದ ಬುಡದಲ್ಲಿ. ಮಳೆ ಬಂದಾಗ ಎಲೆ ಮಡಚುವುದರಿಂದ ನೀರು ನೆಲಕ್ಕೆ ಬೀಳುತ್ತದೆ, ಬೇರುಗಂಟಿನ ಸಾರಜನಕವೂ ಇದೆ, ಹಾಗಾಗಿ ಕೆಳಗೆ ಹುಲ್ಲು ಚೆನ್ನಾಗಿ ಬರುತ್ತದೆ. ಆ ಹುಲ್ಲಿನ ಬೀಜ ಹೆಕ್ಕಲು ಬೆಳವ ಬರುತ್ತದೆ. ಬುಡದ ತನಕ ಪೇವರ್ ಬ್ಲಾಕ್ ಹಾಸಿದ್ದರೆ ಇದು ಕಾಣಸಿಗುವುದಿಲ್ಲ, ಅದನ್ನೂ ಬರೆಯಲಿ.

ಪ್ರಶ್ನೆ: ಬಾಲ್ಕನಿಯ ಹೂಕುಂಡದಲ್ಲಿ ಬೆಳವ ನಾಲ್ಕು ಕಡ್ಡಿ ಇಟ್ಟು ಎರಡು ಮೊಟ್ಟೆ ಇಟ್ಟಿದೆ. ಅದನ್ನು ಗೂಡು ಅಂತ ಕರೆಯೋದೇ ಕಷ್ಟ. ಪಾರಿವಾಳದಿಂದ ಶ್ವಾಸಕೋಶದ ಕಾಯಿಲೆ ಬರುತ್ತದೆ, ತೆಗೆದು ಬಿಸಾಕು ಅಂತ ಅತ್ತೆ ದಿನಾ ಹೇಳುತ್ತಿದ್ದಾರೆ. ಮಕ್ಕಳು ಬಿಡುತ್ತಿಲ್ಲ. ಏನು ಮಾಡಲಿ?
— ಚಿಂಚವಾಡದ ಓದುಗರು, ಪುಣೆ

ಉತ್ತರ: ಅತ್ತೆಯವರ ಭಯ ಸುಳ್ಳಲ್ಲ, ಆದರೆ ಅದು ಬೇರೆ ಹಕ್ಕಿಗೆ ಸಲ್ಲಬೇಕಾದ ಭಯ. ಪಾರಿವಾಳ ಗುಂಪಿನ ಹಕ್ಕಿ. ಒಂದೇ ಡಕ್ಟ್‌ನಲ್ಲಿ ಹತ್ತಾರು ಸೇರಿ, ತಿಂಗಳುಗಟ್ಟಲೆ ಹಿಕ್ಕೆ ಒಣಗಿ ಪುಡಿಯಾಗಿ ಗಾಳಿಗೆ ಸೇರುತ್ತದೆ. ಅದನ್ನು ವರ್ಷಾನುಗಟ್ಟಲೆ ಉಸಿರಾಡಿದ ಕೆಲವರಿಗೆ ಶ್ವಾಸಕೋಶ ಊದಿಕೊಂಡು ಗಾಯದ ಕಲೆ ಕಟ್ಟುವ ಕಾಯಿಲೆ ಬರುತ್ತದೆ. 2025ರಲ್ಲಿ ಪಾರಿವಾಳಗಳಿಗೆ ಕಾಳು ಹಾಕುವ ಮುಂಬೈಯ ದಾದರ್ ಕಬೂತರ್‌ಖಾನಾವನ್ನು ಪಾಲಿಕೆ ಮುಚ್ಚಿಸಿದ್ದು, ಅದರ ಮೇಲೆ ಕೋರ್ಟು, ಪ್ರತಿಭಟನೆ ಎಲ್ಲ ಆಗಿದ್ದು ಇದೇ ಕಾರಣಕ್ಕೆ. ಬೆಳವ ಜೋಡಿಯಾಗಿ ಇರುತ್ತದೆ. ಒಂದು ಕುಂಡದಲ್ಲಿ ಒಂದು ತಿಂಗಳು ಇದ್ದು ಹೋಗುವ ಜೋಡಿಯನ್ನು ಕಬೂತರ್‌ಖಾನಾದ ಲೆಕ್ಕಕ್ಕೆ ಹಿಡಿಯಬಾರದು. ಮನೆಯಲ್ಲಿ ಅಸ್ತಮಾ ಅಥವಾ ಶ್ವಾಸಕೋಶದ ತೊಂದರೆ ಇರುವವರಿದ್ದರೆ ಮಾತ್ರ ಡಾಕ್ಟರನ್ನು ಒಂದು ಮಾತು ಕೇಳಿ, ಆ ಬಾಲ್ಕನಿ ಬಾಗಿಲು ಮುಚ್ಚಿಡಿ.

ಮೊಟ್ಟೆ ಇರುವ ಗೂಡು ಕೀಳಬೇಡಿ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರವೂ ಅದು ತಪ್ಪು. ಆ ಕುಂಡಕ್ಕೆ ನೀರು ಹಾಕುವಾಗ ಅಂಚಿನಿಂದ ನಿಧಾನವಾಗಿ ಹಾಕಿ. ಗಿಡ ಸ್ವಲ್ಪ ಒಣಗಿದರೆ ಒಣಗಲಿ. ಮೊಬೈಲ್ ಹಿಡಿದು ಮೂಗಿನ ಹತ್ತಿರ ಹೋಗಬೇಡಿ, ಪದೇ ಪದೇ ಎಬ್ಬಿಸಿದರೆ ಬಿಟ್ಟು ಹೋಗುತ್ತದೆ, ಆಮೇಲೆ ಕಾಗೆಗೆ ಹಬ್ಬ. ಮಕ್ಕಳಿಗೆ ಒಂದು ಕೆಲಸ ಕೊಡಿ. ಸಾಮಾನ್ಯವಾಗಿ ಹಗಲು ಹೊತ್ತು ಗಂಡು, ಸಂಜೆಯಿಂದ ಬೆಳಗಿನ ತನಕ ಹೆಣ್ಣು ಕಾವು ಕೂರುತ್ತವೆ. ನೋಡಲು ಎರಡೂ ಒಂದೇ ಥರ, ಹಾಗಾಗಿ ಒಂದೇ ಹಕ್ಕಿ ದಿನವಿಡೀ ಕೂತಿದೆ ಅನ್ನಿಸುತ್ತದೆ. ಬೆಳಿಗ್ಗೆ ಒಂಬತ್ತು ಹತ್ತರ ಸುಮಾರಿಗೆ ಕಿಟಕಿಯ ಒಳಗಿಂದ ಕಣ್ಣಿಟ್ಟರೆ ಪಾಳಿ ಬದಲಾಗುವುದು ಕಂಡೀತು.

ಗೂಡಿನ ಬಗ್ಗೆ ಹೇಳಿದ್ದು ನಿಜ. ಕೆಳಗಿನಿಂದ ನೋಡಿದರೆ ಕಡ್ಡಿಗಳ ಸಂದಿಯಲ್ಲಿ ಮೊಟ್ಟೆ ಕಾಣುವಷ್ಟು ಬಡ ಗೂಡು. ಗೀಜಗದ ಗೂಡು ನೋಡಿದವರಿಗೆ ನಗು ಬರುತ್ತದೆ. ನನಗೇನೋ ಅದು ಸೋಮಾರಿತನ ಅನ್ನಿಸುವುದಿಲ್ಲ. ಗೂಡಿಗೆ ಕಡಿಮೆ ದುಡಿಮೆ, ಕೆಟ್ಟರೆ ಇನ್ನೊಂದು ಕಟ್ಟಿ ಮತ್ತೆ ಎರಡು ಮೊಟ್ಟೆ, ಅದರ ಲೆಕ್ಕ ಅಷ್ಟೇ. ಇನ್ನೊಂದು ವಿಷಯ, ಪುಣೆಯ ಒಣ ಹವೆಯಲ್ಲಿ ಚುಕ್ಕೆ ಬೆಳವಕ್ಕಿಂತ ಸಣ್ಣದಾದ ಕಂದು ಬೆಳವವೂ ತುಂಬಾ ಇದೆ. ಕುತ್ತಿಗೆಯ ಹಿಂಭಾಗದಲ್ಲಿ ಕಪ್ಪು ಪಟ್ಟಿ, ಅದರ ತುಂಬಾ ಬಿಳಿ ಚುಕ್ಕೆ ಇದ್ದರೆ ಚುಕ್ಕೆ ಬೆಳವ. ಕುತ್ತಿಗೆಯ ಮುಂಭಾಗದಲ್ಲಿ ತಾಮ್ರದ ಬಣ್ಣಕ್ಕೆ ಕಪ್ಪು ಚುಕ್ಕೆ ಇದ್ದು, ರೆಕ್ಕೆಯಲ್ಲಿ ಚುಕ್ಕೆ ಇಲ್ಲದಿದ್ದರೆ ಕಂದು ಬೆಳವ. ಮರಿಗಳಿಗೆ ಇದ್ಯಾವುದೂ ಇರುವುದಿಲ್ಲ, ಬೋಳು ಕುತ್ತಿಗೆ. ಮರಿ ಹಾರಿದ ಮೇಲೆ ಮಾಸ್ಕ್ ಹಾಕಿಕೊಂಡು, ಮೊದಲು ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಒಣ ಪೊರಕೆ ಬೇಡ.

ಪ್ರಶ್ನೆ: ನಾನು ನಲವತ್ತು ವರ್ಷ ಹೋಟೆಲು ನಡೆಸಿ ಈಗ ಮನೆಯಲ್ಲಿದ್ದೇನೆ ಮಾರಾಯ್ರೆ. ನಮ್ಮ ಗಲ್ಲಿಯ ಎರಡು ಮಳೆಮರ ಒಣಗಿ ಹೋದವು, ಇನ್ನೊಂದು ಇದೆ. ಅದು ಪರದೇಶಿ ಮರ, ನಮ್ಮ ಹಕ್ಕಿ ಅದರಲ್ಲಿ ಕೂರುವುದೇ ಇಲ್ಲ, ಕಡಿಸಿ ಪಾರ್ಕಿಂಗ್ ಮಾಡುವಾ ಅಂತ ಸೊಸೈಟಿ ಮೀಟಿಂಗಿನಲ್ಲಿ ಒಬ್ಬರು ಹೇಳಿದರು. ಹೌದಾ ಅದು?
— ಮಾಟುಂಗಾದ ಹಿರಿಯ ಓದುಗರು

ಉತ್ತರ: ಪಾರ್ಕಿಂಗ್ ಅಂದ ಕೂಡಲೇ ವಿಷಯ ಅರ್ಥವಾಯಿತು ಬಿಡಿ. ಹಕ್ಕಿ ಕೂರುವುದಿಲ್ಲ ಅನ್ನೋದು ಸುಳ್ಳು. ಅಗಲವಾದ ಅಡ್ಡ ಕೊಂಬೆ, ಒರಟು ತೊಗಟೆ, ಕಾಗೆ, ಹದ್ದು, ಬೆಳ್ಳಕ್ಕಿ ಎಲ್ಲವೂ ಕೂರುತ್ತವೆ. ಹೂವಿಗೆ ಜೇನು ಬರುತ್ತದೆ. ಪರದೇಶಿ ಅನ್ನುವ ವಾದಕ್ಕೆ ಹೊರಟರೆ ನಿಮ್ಮ ಹೋಟೆಲಿನ ಮಸಾಲೆದೋಸೆಯ ಆಲೂಗಡ್ಡೆ, ಚಟ್ನಿಯ ಮೆಣಸಿನಕಾಯಿ, ಊರಿನ ಗೇರುಬೀಜ, ಪಪ್ಪಾಯ ಎಲ್ಲವೂ ಅಮೆರಿಕದಿಂದಲೇ ಬಂದದ್ದು. ಅವನ್ನು ಯಾರೂ ಮೀಟಿಂಗಿನಲ್ಲಿ ಎತ್ತುವುದಿಲ್ಲ.

ಹಾಗಂತ ಹೊಸದಾಗಿ ನೆಡುವಾಗ ಮಳೆಮರವನ್ನೇ ನೆಡಿ ಅಂತ ನಾನು ಹೇಳಲಾರೆ. ಹೊಂಗೆ, ಹೊಳೆಮತ್ತಿ, ಬಕುಳ, ಸುರಹೊನ್ನೆ ನೆಡಬಹುದು. ಇದ್ದದ್ದನ್ನು ಕಡಿಯುವುದು ಬೇರೆ, ಹೊಸದಕ್ಕೆ ಬೇರೆ ಜಾತಿ ಆರಿಸುವುದು ಬೇರೆ.

ಮರ ಒಣಗಿದ್ದು ಯಾಕೆ ಅಂದರೆ, ಮುಂಬೈಯ ಮಳೆಮರಗಳಿಗೆ ಕಳೆದ ಹತ್ತು ಹದಿನೈದು ವರ್ಷಗಳಿಂದ ಹಿಟ್ಟು ತಿಗಣೆಯ ಕಾಟ. ಬಿಳಿ ಹತ್ತಿ ಮೆತ್ತಿದಂತೆ ಕಾಣುವ ಹುಳ, ರಸ ಹೀರುತ್ತದೆ. ಅದು ಬಿಡುವ ಸಿಹಿ ಅಂಟಿಗೆ ಇರುವೆ ಬರುತ್ತದೆ, ಇರುವೆಗಳೇ ಆ ಹುಳವನ್ನು ಕಾಯುತ್ತವೆ, ಎಳೆ ಚಿಗುರಿಗೆ ದಾಟಿಸುತ್ತವೆ. ಎಲೆ ಉದುರುತ್ತದೆ, ಕೊಂಬೆ ಒಣಗುತ್ತದೆ. ಗಟ್ಟಿ ಮರವಾದರೆ ತಡೆದುಕೊಳ್ಳುತ್ತಿತ್ತೋ ಏನೋ, ಆದರೆ ಬುಡದ ಸುತ್ತ ಕಾಂಕ್ರೀಟ್, ಪಕ್ಕದಲ್ಲಿ ಚರಂಡಿಗೆ ಅಗೆದು ಬೇರು ಕತ್ತರಿಸಿದ್ದು, ಮಳೆಗಾಲಕ್ಕೆ ಮುಂಚೆ ಒಂದೇ ಬದಿಯ ಕೊಂಬೆ ಕಡಿದದ್ದು, ಇಷ್ಟೆಲ್ಲದರ ಮೇಲೆ ಹುಳ ಬಿದ್ದರೆ ಏನು ಮಾಡೀತು? ಸಾಲಾಗಿ ಒಂದೇ ಜಾತಿ ನೆಟ್ಟದ್ದೂ ತೊಂದರೆಯೇ, ಒಂದಕ್ಕೆ ಹತ್ತಿದ್ದು ಪಕ್ಕದ್ದಕ್ಕೆ ಸಲೀಸಾಗಿ ದಾಟುತ್ತದೆ. ಮೇಲಿನ ಪತ್ರದ ಬೆಳವ ಜಾಗ ಸರಿ ಇಲ್ಲದಿದ್ದರೆ ಪಕ್ಕದ ಬಿಲ್ಡಿಂಗಿಗೆ ಹಾರುತ್ತದೆ. ಮರಕ್ಕೆ ನಾವು ಸುತ್ತ ಏನು ಹಾಕುತ್ತೇವೋ ಅದರಲ್ಲೇ ಇರಬೇಕು.

ಈಗ ಮಾಡಬೇಕಾದ್ದು: ಬುಡದ ಸುತ್ತ ಒಂದು ಮೀಟರಾದರೂ ಕಾಂಕ್ರೀಟ್ ಒಡೆಸಿ ಮಣ್ಣು ಬಿಡಿಸಿ. ಎಲೆ ಕೆಳಗೆ, ಚಿಗುರಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ವಾರ್ಡ್ ಆಫೀಸಿನ ಗಾರ್ಡನ್ ವಿಭಾಗಕ್ಕೆ ಬರೆದು ಕೊಡಿ, ಬರೀ ಫೋನು ಮಾಡಿ ಬಿಡಬೇಡಿ, ಅರ್ಜಿಯ ಇನ್‌ವರ್ಡ್ ನಂಬರ್ ತಗೊಳ್ಳಿ. ಕಡಿಯುವ ವಿಷಯ ಮತ್ತೆ ಬಂದರೆ 1975ರ ಮಹಾರಾಷ್ಟ್ರ ನಗರ ಪ್ರದೇಶಗಳ ಮರ ಸಂರಕ್ಷಣಾ ಕಾಯ್ದೆ ಅಂತ ಒಂದಿದೆ ಅಂತ ಹೇಳಿ. ಟ್ರೀ ಅಥಾರಿಟಿಯ ಅನುಮತಿ ಇಲ್ಲದೆ ಮರ ಕಡಿದರೆ ಕೇಸು. ಸೊಸೈಟಿ ಜಾಗದಲ್ಲಿದ್ದರೂ ಅಷ್ಟೇ.

ಪ್ರಶ್ನೆ: ಮಳೆಮರದ ಕೆಳಗೆ ನಿಂತರೆ ಬಿಸಿಲಲ್ಲೂ ಹನಿ ಬೀಳುತ್ತದೆ. ಮರ ಮಳೆ ಸುರಿಸುತ್ತದೆಯಾ?
— ಠಾಣೆಯ ವಿದ್ಯಾರ್ಥಿ

ಉತ್ತರ: ಇಲ್ಲ ಮರಿ. ಮೇಲೆ ಕೂತು ರಸ ಹೀರುವ ಹುಳಗಳು ಹೊರಹಾಕುವ ಸಿಹಿ ನೀರು ಅದು. ಕೆಳಗೆ ನಿಲ್ಲಿಸಿದ ಬೈಕಿನ ಸೀಟು ಅಂಟಂಟಾಗುವುದು ಅದಕ್ಕೇ.

ಪ್ರಶ್ನೆ: ಡೋಡೋ ಕೂಡ ಪಾರಿವಾಳದ ಜಾತಿಯಂತೆ, ಅದು ಸತ್ತ ಮೇಲೆ ಮಾರಿಷಸ್‌ನಲ್ಲಿ ಒಂದು ಮರವೂ ಹುಟ್ಟುವುದು ನಿಂತುಹೋಯಿತಂತೆ. ವಾಟ್ಸಾಪಿನಲ್ಲಿ ಬಂದದ್ದು. ನಿಜವಾ?
— ಮಡಗಾಂವ್‌ನ ಕಾಲೇಜು ವಿದ್ಯಾರ್ಥಿನಿ, ಗೋವಾ

ಉತ್ತರ: ಮೊದಲರ್ಧ ನಿಜ. ಎರಡನೆಯದು ಚೆಂದದ ಕಥೆ, ಆದರೆ ಪರೀಕ್ಷೆಗೆ ನಿಲ್ಲಲಿಲ್ಲ.

ಡೋಡೋ ಹಾರಲಾರದ, ಒಂದು ಮೀಟರ್ ಎತ್ತರದ ಪಾರಿವಾಳವೇ. 2002ರಲ್ಲಿ ಹಳೆಯ ಮೂಳೆಯ ಡಿಎನ್‌ಎ ಓದಿ ನೋಡಿದಾಗ ಈಗ ಬದುಕಿರುವ ಹಕ್ಕಿಗಳಲ್ಲಿ ಅದರ ಹತ್ತಿರದ ನೆಂಟ ನಿಕೋಬಾರ್ ಪಾರಿವಾಳ ಅಂತ ಗೊತ್ತಾಯಿತು. ನಮ್ಮದೇ ದೇಶದ ದ್ವೀಪದ ಹಕ್ಕಿ, ಹಸಿರು ತಾಮ್ರದ ಹೊಳಪು, ಕುತ್ತಿಗೆಗೆ ಉದ್ದ ಗರಿಗಳ ಜೂಲು. ಡೋಡೋವನ್ನು ಡಚ್ಚರು ನೋಡಿದ್ದು 1598ರಲ್ಲಿ. 1662ರ ನಂತರ ನಂಬುವಂಥ ದಾಖಲೆ ಇಲ್ಲ. ಅರವತ್ತು ಚಿಲ್ಲರೆ ವರ್ಷದಲ್ಲಿ ಮುಗಿಯಿತು. ಜನ ತಿಂದದ್ದಕ್ಕಿಂತ ಹಡಗಿನಲ್ಲಿ ಬಂದ ಹಂದಿ, ಇಲಿ, ಮಂಗಗಳು ನೆಲದ ಮೇಲಿನ ಮೊಟ್ಟೆಗಳನ್ನು ಬಿಡಲಿಲ್ಲ.

ಮರದ ಕಥೆ 1977ರದ್ದು. ಸ್ಟ್ಯಾನ್ಲಿ ಟೆಂಪಲ್ ಎಂಬ ಅಮೆರಿಕದ ವಿಜ್ಞಾನಿ ಸೈನ್ಸ್ ಪತ್ರಿಕೆಯಲ್ಲಿ ಬರೆದ. ತಂಬಲಕೋಕ್ ಎಂಬ ಮರ ಇದೆ, ನಮ್ಮ ಚಿಕ್ಕು ಕುಟುಂಬದ್ದು, ಡಹಾಣು ಘೋಲ್ವಡ್ ಚಿಕ್ಕು ತಿಂದವರಿಗೆ ಆ ನುಣುಪು ಬೀಜ ನೆನಪಿರಬಹುದು. ಇದರ ಬೀಜಕ್ಕೆ ಮಾತ್ರ ದಪ್ಪ ಗಟ್ಟಿ ಚಿಪ್ಪು. ಹದಿಮೂರು ಮುದಿ ಮರ ಮಾತ್ರ ಉಳಿದಿವೆ, ಎಲ್ಲಕ್ಕೂ ಮುನ್ನೂರು ವರ್ಷ ದಾಟಿದೆ, ಡೋಡೋ ಹೊಟ್ಟೆಯಲ್ಲಿ ಚಿಪ್ಪು ಸವೆಯದ ಹೊರತು ಬೀಜ ಮೊಳೆಯುವುದಿಲ್ಲ, ಇದು ಅವನ ವಾದ. ಡೋಡೋ ಇಲ್ಲವಲ್ಲ, ಟರ್ಕಿ ಕೋಳಿಗೆ 17 ಬೀಜ ನುಂಗಿಸಿದ. 7 ಒಡೆದು ಪುಡಿಯಾದವು, 10 ಹೊರಬಂದವು, 3 ಮೊಳೆತವು. ಪತ್ರಿಕೆಗಳೆಲ್ಲ ಕುಣಿದವು.

ಆಮೇಲೆ ಬೇರೆಯವರು ಕೇಳಿದ ಪ್ರಶ್ನೆ ಸರಳ. ಟರ್ಕಿಗೆ ತಿನ್ನಿಸದೇ ಇದ್ದ ಬೀಜವನ್ನೂ ಪಕ್ಕದಲ್ಲಿ ಬಿತ್ತಿ ನೋಡಿದೆಯಾ? ಇಲ್ಲ. ಅದಕ್ಕೂ ಮುಂಚೆಯೇ ಹಕ್ಕಿಯ ಹೊಟ್ಟೆಗೆ ಹೋಗದ ಬೀಜ ಮೊಳೆತ ದಾಖಲೆ ಇತ್ತು. ಆ ಮರದಲ್ಲಿ ವರ್ಷಕ್ಕೊಂದು ಉಂಗುರ ಮೂಡುವುದಿಲ್ಲ, ಹಾಗಾಗಿ ಮುನ್ನೂರು ವರ್ಷ ಅಂತ ಎಣಿಸಿದ್ದೇ ಅಂದಾಜು. ಹುಡುಕಿದರೆ ಹದಿಮೂರಕ್ಕಿಂತ ಬಹಳ ಹೆಚ್ಚು ಮರಗಳೂ, ಎಳೆಯವೂ ಸಿಕ್ಕವು. ಮರ ಕಡಿಮೆಯಾದದ್ದು ನಿಜ. ಅದಕ್ಕೆ ಕಾರಣ ಸಸಿ ಮೇಯುವ ಜಿಂಕೆ, ಹಂದಿ, ಕಾಯಿ ಕೀಳುವ ಮಂಗ, ಕಾಡು ಕಡಿದದ್ದು. ಇನ್ನೂ ಒಂದು ಅನುಮಾನ ನನಗೆ: ಪಾರಿವಾಳದ ಕುಟುಂಬದ ಹೆಚ್ಚಿನವು ಬೀಜ ಅರೆದು ತಿನ್ನುವಂಥವು, ಮೇಲೆ ಬೆಳವದ ಹೊಟ್ಟೆಯ ಬಗ್ಗೆ ಬರೆದೆನಲ್ಲ. ಡೋಡೋ ಹೊಟ್ಟೆಯಲ್ಲೂ ದೊಡ್ಡ ಕಲ್ಲು ಇರುತ್ತಿತ್ತು. ಅಂಥ ಗಿರಣಿಯಿಂದ ಎಷ್ಟು ಬೀಜ ಉಳಿದು ಹೊರಬರುತ್ತಿತ್ತು ಅಂತ ಮೊದಲು ಕೇಳಬೇಕಾಗಿತ್ತು.

ನಿಮಗೆ ಮರ-ಪಾರಿವಾಳದ ಜೋಡಿಯೇ ಬೇಕಿದ್ದರೆ ಮಾರಿಷಸ್‌ವರೆಗೆ ಹೋಗುವುದು ಯಾಕೆ? ನಿಮ್ಮ ಕಡೆ ಆಲ, ಅತ್ತಿ ಹಣ್ಣಾದಾಗ ತಲೆ ಎತ್ತಿ ನೋಡಿ. ಹಳದಿ ಕಾಲಿನ ಹಸಿರು ಪಾರಿವಾಳ, ಮರಾಠಿಯವರ ಹರಿಯಾಲ್, ಮಹಾರಾಷ್ಟ್ರದ ರಾಜ್ಯಪಕ್ಷಿ. ಎಲೆಯ ಬಣ್ಣಕ್ಕೇ ಹೊಂದಿಕೊಂಡು ಕೂತಿರುತ್ತದೆ, ಹಾರಿದಾಗಲೇ ಇಷ್ಟೊಂದು ಇದ್ದವಾ ಅನ್ನಿಸುವುದು.

ಪ್ರಶ್ನೆ: ಗ್ರಿಲ್‌ಗೆ ಬರುವ ಬೆಳವಕ್ಕೆ ದಿನಾ ಅಕ್ಕಿ, ಜೋಳ ಹಾಕಬಹುದಾ?
— ಡೊಂಬಿವಲಿಯ ಗೃಹಿಣಿ

ಉತ್ತರ: ಬೇಡ ಅಕ್ಕ. ಎರಡು ದಿನ ಬೆಳವ ತಿನ್ನುತ್ತದೆ, ಮೂರನೇ ದಿನ ಪಾರಿವಾಳದ ಗುಂಪು ಬಂದು ಅದನ್ನು ಓಡಿಸುತ್ತದೆ, ಆಮೇಲೆ ಗ್ರಿಲ್ ತೊಳೆಯುವುದೇ ನಿಮ್ಮ ಕೆಲಸ, ಕೆಳಗಿನ ಮನೆಯವರ ಜಗಳ ಬೇರೆ. ನೀರಿಡಿ. ಮಣ್ಣಿನ ಅಗಲ ತಟ್ಟೆ, ಎರಡು ಬೆರಳಷ್ಟು ನೀರು, ದಿನಾ ತೊಳೆದು ಬದಲಿಸಿ. ಮಳೆಗಾಲದಲ್ಲಿ ಅದೂ ಬೇಡ, ಸೊಳ್ಳೆಗೆ ಜಾಗವಾಗುತ್ತದೆ.